ಅಣ್ಣನ ಎಡೆ

ಮಹಾನವಮಿ ಅಮಾವಾಸ್ಯೆಯ ದಿನ ಕಾಗವಾಡದ ಭರಮು ಮಾಳಿಗೆಯ ಮೇಲೆ ನಿಂತು ತನ್ನ ಹೆಸರನ್ನು ತಾನೇ ಕೂಗಿ ಕಾಗೆ ಕರೆಯುತ್ತಾನೆಂಬುದು ಓಣಿಯ ಹಳೆಯ ತಮಾಷೆ. ಹಿರಿಯರಿಗೆ ಎಡೆ ಇಡುವ ದಿನ ಅದು. ಸತ್ತವರಿಗೆ ಏನು ಸೇರುತ್ತಿತ್ತೋ ಅದನ್ನು ಎಲೆಗೆ ಬಡಿಸಿ, ಹೆಸರು ಹಿಡಿದು ಕೂಗಿ, ಕಾಗೆ ಬಂದು ಮುಟ್ಟಲಿ ಎಂದು ಎಲ್ಲರೂ ತಮ್ಮ ತಮ್ಮ ಮಾಳಿಗೆಯ ಮೇಲೆ ಕಾಯುತ್ತಾರೆ. ಭರಮು ಮೊದಲು ಅಪ್ಪ ತುಕಾರಾಮನನ್ನು ಕರೆಯುತ್ತಿದ್ದ. ಅವನ ಎಲೆಯ ಅಂಚಿಗೆ ಒಂದು ಚಿಟಿಕೆ ನಿಪ್ಪಾಣಿ ತಂಬಾಕು. ಆಮೇಲೆ ಅವ್ವ ತುಳಸವ್ವ, ಅವಳಿಗೆ ಕರಿಗಡಬು. ಆಮೇಲೆ ಹೆಂಡತಿ ಅನುಸೂಯಾ, ಅವಳಿಗೆ ಬದನೆಕಾಯಿ ಎಣ್ಣೆಗಾಯಿ. ಕಡೆಗೆ ಮೂಲೆಯಲ್ಲೊಂದು ಸಣ್ಣ ಎಲೆ. ಅದರ ಮುಂದೆ ಕೂತು ದನಿ ತಗ್ಗಿಸಿ, "ಭರಮೂ... ಬಾರಪ್ಪಾ" ಅನ್ನುತ್ತಿದ್ದ.

ಪಕ್ಕದ ಮಾಳಿಗೆಯ ಬಸವಂತನಿಗೆ ಇದನ್ನು ಕೇಳಿಸಿಕೊಂಡು ಸುಮ್ಮನಿರಲು ಆಗುತ್ತಿರಲಿಲ್ಲ. "ಕಾಕಾ, ನೀವು ಇಲ್ಲೇ ಅದೀರಲ್ರಿ, ಮತ್ತ ಯಾರ್ನ ಕರ್ಯಾಕತ್ತೀರಿ?" ಎಂದು ವರ್ಷವೂ ಅದೇ ಮಾತು, ಅದೇ ನಗು.

"ಮುತ್ಯಾನ್ನಪಾ. ಮುತ್ಯಾನ ಹೆಸರ ನನಗ ಇಟ್ಟಾರ" ಅನ್ನುತ್ತಿದ್ದ ಭರಮು.

ಅರ್ಧ ಮಾತು ನಿಜ. ಅಜ್ಜನ ಹೆಸರು ಭರಮಪ್ಪನೇ. ಆದರೆ ಆ ಸಣ್ಣ ಎಲೆ ಅಜ್ಜನದಲ್ಲ. ಅದರಲ್ಲಿರುತ್ತಿದ್ದದ್ದು ಹಾಲು ಹಾಕಿ ಬೆರಳಿನಿಂದ ನುಣ್ಣಗೆ ಕಿವುಚಿದ ಅನ್ನ, ಮೇಲೊಂದು ಚೂರು ಬೆಲ್ಲ. ಎಷ್ಟೇ ಮುದುಕನಾದರೂ ಯಾವ ಅಜ್ಜನೂ ಅಷ್ಟು ನುಣ್ಣಗೆ ಕಿವುಚಿದ ಅನ್ನ ಉಣ್ಣುವುದಿಲ್ಲ. ಅದು ಎರಡು ಹಲ್ಲಿನ ಕೂಸಿನ ಊಟ. ಆ ಕೂಸು ಭರಮುವಿನ ಅಣ್ಣ.

ಕತೆ ಹಳೆಯದು. ಗೋವಾದಲ್ಲಿ ಪೋರ್ತುಗೀಸರ ಆಳ್ವಿಕೆ ಇದ್ದ ಕಾಲ. ಸತ್ತಿ ಊರಿನ ತುಕಾರಾಮ ಹೆಂಡತಿ ತುಳಸವ್ವನನ್ನೂ ತಾಯಿಯಿಲ್ಲದ ಪುಟ್ಟ ತಂಗಿ ಮಲಕವ್ವನನ್ನೂ ಕಟ್ಟಿಕೊಂಡು ಅಲ್ಲಿಯ ಗಣಿಯಲ್ಲಿ ಅದಿರಿನ ಬುಟ್ಟಿ ಹೊರಲು ಹೋದ. ಇವರು ಅತ್ತ ಹೋದರು, ಇತ್ತ ಗಡಿ ಬಂದಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದ ತುಳಸವ್ವನಿಗೆ ಬರಲಾಗಲಿಲ್ಲ. ಗಣಿಯ ತಗಡಿನ ಚಾಳಿನಲ್ಲಿ, ತವರಿನವರು ಒಬ್ಬರೂ ಇಲ್ಲದೆ, ಗಂಡು ಕೂಸು ಹೆತ್ತಳು. ಮೊದಲ ಗಂಡು ಕೂಸಿಗೆ ಅಜ್ಜನ ಹೆಸರು ಇಡುವುದು ರೂಢಿ. ಭರಮು ಎಂದು ಕರೆದರು. ಗಣಿಯ ಮುಕಾದಮ ಶಿಸ್ತಿನ ಮನುಷ್ಯ, ತುಕಾರಾಮನನ್ನು ಎಳೆದುಕೊಂಡು ಹೋಗಿ ಸರಕಾರಿ ದಫ್ತರದಲ್ಲಿ ಹುಟ್ಟು ಬರೆಸಿದ. ಮರುವರ್ಷದ ಮಳೆಗಾಲದ ಜ್ವರಕ್ಕೆ ಕೂಸು ಹೋಯಿತು. ಗಣಿಯ ಹಿಂದಿನ ಗೇರು ಗಿಡಗಳ ಇಳಿಜಾರಿನಲ್ಲಿ ಮಣ್ಣು ಮಾಡಿದರು. ಹುಟ್ಟು ಬರೆಸಿದವರು ಸಾವು ಬರೆಸಲು ಹೋಗಲಿಲ್ಲ. ಎದೆ ಒಡೆದುಕೊಂಡವರು ದಫ್ತರದ ಬಾಗಿಲಿಗೆ ಯಾಕೆ ಹೋಗುತ್ತಾರೆ?

ಆ ವರ್ಷವೇ ಗೋವಾ ಬಿಡುಗಡೆಯಾಯಿತು, ಗಡಿ ತೆರೆಯಿತು. ತುಕಾರಾಮ ಹೆಂಡತಿ, ತಂಗಿಯೊಡನೆ ಊರಿಗೆ ಮರಳಿದ. ಮುಂದಿನ ವರ್ಷ ತುಳಸವ್ವ ತನ್ನ ತವರಾದ ಜುಗೂಳದಲ್ಲಿ, ಕೃಷ್ಣಾ ನದಿಯ ದಂಡೆಯ ಮನೆಯಲ್ಲಿ, ಮತ್ತೊಂದು ಗಂಡು ಹೆತ್ತಳು. ಕೂಸು ಹೋದರೂ ಅಜ್ಜನ ಹೆಸರು ಹೋಗಬಾರದಲ್ಲ. ಇವನಿಗೂ ಭರಮು ಎಂದೇ ಇಟ್ಟರು. ಬಾಣಂತನ ಮಾಡಿದ ಅಜ್ಜಿ ಲಗಮವ್ವ ತೊಟ್ಟಿಲು ತೂಗುತ್ತ, "ಹೋದಾವ ತಿರುಗಿ ಬಂದಾನ, ಹೊಟ್ಟಿ ತಣ್ಣಗ ಮಾಡ್ಕೋ ಬೇ" ಎಂದು ಮಗಳಿಗೆ ಹೇಳಿದಳಂತೆ.

ತುಳಸವ್ವನ ಹೊಟ್ಟೆ ತಣ್ಣಗಾಗಲಿಲ್ಲ. ಹಾಲುಗೂಸಿಗೆ ಎಡೆ ಇಡುವ ಪದ್ಧತಿ ಇಲ್ಲವೆಂದು ಹಿರಿಯರು ಬೈದರೂ ಕೇಳದೆ ವರ್ಷ ವರ್ಷ ಹಾಲನ್ನ ಕಿವುಚಿ ಇಟ್ಟಳು. ಎರಡನೆಯ ಭರಮು ಅವ್ವನ ಸೆರಗು ಹಿಡಿದು ನಿಂತು, ಅವಳು ತನ್ನ ಹೆಸರನ್ನು ಆಕಾಶಕ್ಕೆ ಮುಖ ಮಾಡಿ ಕೂಗುವುದನ್ನು ಕೇಳುತ್ತಿದ್ದ. "ನಾ ಇಲ್ಲೇ ಅದೇನಿ ಯವ್ವಾ" ಎಂದು ಒಮ್ಮೆ ಅಂದಿದ್ದ. ತುಳಸವ್ವ ಅವನ ತಲೆ ಸವರಿ, "ನಿನ್ನಲ್ಲೋ, ನಿಮ್ಮಣ್ಣನ್ನ" ಅಂದಳು. ಕೆಟ್ಟ ತಾಯಿಯೇನಲ್ಲ ಅವಳು. ಆದರೆ ಹಿತ್ತಲಲ್ಲಿ ಆಡುವ ಮಗನನ್ನು "ಭರಮೂ" ಎಂದು ಕರೆದಾಗ, ಇವನು ಓಡಿ ಬಂದು ಎದುರು ನಿಂತರೆ, ಒಂದು ಗಳಿಗೆ ಇವನ ಹಿಂದೆ ಬಾಗಿಲ ಕಡೆ ನೋಡುತ್ತಿದ್ದಳು. ಇನ್ನೊಬ್ಬ ಬರಬೇಕಾಗಿತ್ತು ಎಂಬಂತೆ. ಹುಡುಗನಿಗೆ ಅದು ತಿಳಿಯುತ್ತಿತ್ತು. ಜೀವನವಿಡೀ ಯಾರು ಕೂಗಿದರೂ ಒಂದೇ ಸಲಕ್ಕೆ ಓಗೊಡದ ಅವನ ಚಾಳಿ ಅಲ್ಲಿಂದ ಬಂದದ್ದು.

ಶಾಲೆಗೆ ಹಾಕುವ ದಿನ ಇನ್ನೊಂದು ನಡೆಯಿತು. ಹುಟ್ಟಿದ ದಾಖಲೆ ಇದ್ದರೆ ತನ್ನಿ ಎಂದರು ಮಾಸ್ತರರು. ತುಕಾರಾಮ ಟ್ರಂಕಿನ ತಳದಿಂದ ಗೋವಾದ ಕಾಗದ ತೆಗೆದ. ತುಳಸವ್ವ ಅಡ್ಡ ನಿಂತಳು.

"ಅದ ಅವಂದು. ಅವಂದಂತ ಇರೂದ ಅದೊಂದ."

"ಹೆಸರು ಅದ ಐತಿ, ಅಪ್ಪನೂ ಅಂವನ, ಅವ್ವನೂ ಆಕಿನ. ಮಾಸ್ತರಗ ಇನ್ನೇನ ಬೇಕ?" ಅಂದ ತುಕಾರಾಮ. ಅವನದು ಒರಟು ಲೆಕ್ಕ. ಇಬ್ಬರಿಗೂ ಹೊಂದುವ ಒಂದು ಅಂಗಿ ಮನೆಯಲ್ಲಿದ್ದರೆ ಎರಡನೆಯದನ್ನು ಹೊಲಿಸುವುದು ಯಾಕೆ?

ಹೀಗೆ ಶಾಲೆಯ ದಾಖಲೆಯಲ್ಲಿ ಭರಮು ಗೋವಾದಲ್ಲಿ ಹುಟ್ಟಿದವನಾದ, ಎರಡು ವರ್ಷ ದೊಡ್ಡವನಾದ. ಮುಂದೆ ಕಾಗವಾಡದ ಹೈಸ್ಕೂಲಿನಲ್ಲಿ ಸಿಪಾಯಿ ಕೆಲಸ ಸಿಕ್ಕಿದ್ದೂ ಅದೇ ದಾಖಲೆಯ ಮೇಲೆ, ಎರಡು ವರ್ಷ ಮೊದಲೇ ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದದ್ದೂ ಅದೇ ದಾಖಲೆಯ ಮೇಲೆ. ಬಂದು ನೋಡಿದರೆ ಮನೆಯಲ್ಲಿ ಮಾತಾಡಲು ಯಾರಿದ್ದರು? ಅಪ್ಪ, ಅವ್ವ, ಅನುಸೂಯಾ ಎಲ್ಲರೂ ಎಡೆಯ ಎಲೆಗೆ ಸೇರಿಯಾಗಿತ್ತು. ಘಂಟೆ ಬಾರಿಸಿ ಬಾರಿಸಿ ಅಭ್ಯಾಸವಾದ ಕೈ ಹಗಲೆಲ್ಲ ಮೊಳಕಾಲ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು.

ಆಗ ಮನೆಗೆ ಬಂದವಳು ಮಗಳು ತೃಪ್ತಿ. ಬಂದ ರೀತಿ ಮಾತ್ರ ಯಾವ ತಂದೆಗೂ ಬೇಡ. ಅಥಣಿಗೆ ಮದುವೆ ಮಾಡಿ ಕೊಟ್ಟಿದ್ದ. ವರ್ಷ ತುಂಬುವ ಮೊದಲೇ ಗಂಡ ಮೋಟರ್‌ಸೈಕಲ್ ಅಪಘಾತದಲ್ಲಿ ಹೋದ. ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದು ಅತ್ತೆ ಮನೆಯವರು ಬಟ್ಟೆಯ ಗಂಟಿನ ಸಮೇತ ತಂದು ಬಿಟ್ಟು ಹೋದರು, ಚಹಾ ಕೂಡ ಕುಡಿಯಲಿಲ್ಲ. ತೃಪ್ತಿ ನರ್ಸಿಂಗ್ ಕಲಿತವಳು. ಮಿರಜದ ಒಂದು ಆಸ್ಪತ್ರೆಯಲ್ಲಿ ಕೆಲಸ ಹಿಡಿದಳು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಎಲ್ಲರಿಗೂ ಬೇಕಾದವಳು ಬಸ್ಸಿಳಿದು ಓಣಿಗೆ ಕಾಲಿಟ್ಟರೆ ಸತ್ತವನ ಹೆಂಡತಿ. ಕೆಲಸಕ್ಕೆ ಹೊರಟ ಗಂಡಸರು ಅವಳು ಎದುರಾದರೆ ನಿಂತು, ಅವಳು ದಾಟಿ ಹೋದ ಮೇಲೆ ಮುಂದೆ ಹೋಗುತ್ತಿದ್ದರು. ಎಂಥ ದೊಡ್ಡ ಕಾರ್ಯಕ್ಕೆ ಹೊರಟಿದ್ದರೋ ಆ ಮಹಾನುಭಾವರು, ಬೀಡಿ ತರಲು!

ಒಂದು ದಿನ ಬಸವಂತನ ತಂಗಿ ಸಾರಿಕಾಳ ಮದುವೆಯ ಅರಿಸಿನ. ಚಿಕ್ಕಂದಿನಿಂದ ಜೊತೆಗೆ ಆಡಿದವಳು ಎಂದು ತೃಪ್ತಿ ಬಟ್ಟಲಿಗೆ ಕೈ ಹಾಕಿದಳು. ಯಾರೋ ಹಿರಿಯ ಹೆಂಗಸು ಅವಳ ಮಣಿಕಟ್ಟು ಹಿಡಿದು, "ನೀ ಸ್ವಲ್ಪ ಬಾಜೂಕ ನಿಂದ್ರ ಯವ್ವಾ" ಅಂದಳು. ಬೈಗುಳವಾದರೂ ಆಗಿದ್ದರೆ ತಿರುಗಿ ಅನ್ನಬಹುದಿತ್ತು. ಅದು ಪ್ರೀತಿಯ ದನಿ. ತೃಪ್ತಿ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತಳು. ಭರಮು ನೀರು ತಂದು ಕೊಟ್ಟ.

"ಅಪ್ಪಾ, ನಾ ಇಲ್ಲಿ ಇರಂಗಿಲ್ಲ" ಅಂದಳು. "ಇಲ್ಲಿ ಯಾರೂ ನನ್ನ ನೋಡಂಗಿಲ್ಲಪಾ. ನನ್ನ ಮಾರಿ ಒಳಗ ಅಂವನ್ನ ನೋಡ್ತಾರ. ಸತ್ತಾವನ್ನ. ಯಾರು ಸತ್ತಾರ, ಯಾರು ಉಳಿದಾರ ಅಂತ ಗೊತ್ತ ಇರದ ಊರಿಗಿ ಹೋಗಬೇಕ ನಾ."

ಭರಮುವಿನ ಎದೆಗೆ ಬಿದ್ದಿತು ಆ ಮಾತು. ಬಾಗಿಲ ಕಡೆ ನೋಡುತ್ತಿದ್ದ ಅವ್ವನ ಕಣ್ಣು ನೆನಪಾಯಿತು. ಸತ್ತವರ ಜಾಗದಲ್ಲಿ ಕೂತು ಬದುಕುವುದು ಹೇಗಿರುತ್ತದೆಂದು ಈ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ತನ್ನದು ಹೇಗೋ ಕಳೆದುಹೋಯಿತು, ಇವಳದು ಹಾಗಾಗಬಾರದು ಎಂದು ಆ ಕ್ಷಣವೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ.

ದಾರಿ ತೋರಿಸಿದವಳು ತೃಪ್ತಿಯ ಜೊತೆ ಕೆಲಸ ಮಾಡುವ ಗೋವಾದ ನರ್ಸ್. ಅವಳ ಅಜ್ಜ ಪೋರ್ತುಗೀಸರ ಕಾಲದಲ್ಲಿ ಹುಟ್ಟಿದವನಂತೆ. ಆ ಎಳೆ ಹಿಡಿದು ಅವಳ ಅಕ್ಕ ಪೋರ್ತುಗಲ್ಲಿನ ನಾಗರಿಕಳಾಗಿ ಅಲ್ಲಿ ನೆಲೆಸಿದ್ದಳು. "ನಮ್ಮಪ್ಪನೂ ಗೋವಾದಾಗ ಹುಟ್ಯಾನ" ಎಂದು ತೃಪ್ತಿ ಸುಮ್ಮನೆ ಅಂದಿದ್ದೇ ತಡ, ಆಕೆ ಕುಣಿದಾಡಿಬಿಟ್ಟಳು. ಮುಂದಿನ ರವಿವಾರ ತಂದೆ ಮಗಳು ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಹಿಂದೆ, ಪಾಸ್‌ಪೋರ್ಟ್ ಕೆಲಸ ಮಾಡಿಸಿಕೊಡುವ ರೂಪೇಶ ಎಂಬ ಏಜಂಟನ ಎದುರು ಕೂತಿದ್ದರು.

ರೂಪೇಶ ಭರಮುವಿನ ಶಾಲೆಯ ದಾಖಲೆ ನೋಡಿದ, ಅಪ್ಪ ಬಿಟ್ಟು ಹೋದ ಗೋವಾದ ಕಾಗದ ನೋಡಿದ, ಕಣ್ಣು ಅರಳಿಸಿದ. "ಕಾಕಾ, ಅರವತ್ತೊಂದರ ಬಿಡುಗಡೆಗಿಂತ ಮೊದಲ ಅಲ್ಲಿ ಹುಟ್ಟೀರಿ. ನಿಮ್ಮ ಹುಟ್ಟನ್ನ ಲಿಸ್ಬನ್ನಿನ ದಫ್ತರದಾಗ ಬರಸೂನು. ಬರಸಿದ್ರ ತೃಪ್ತಿ ಪೋರ್ತುಗೀಸರ ನೆಲದಾಗ ಹುಟ್ಟಿದಾವನ ಮಗಳು. ಮನಿತನದ ಹಕ್ಕಿನ ಮ್ಯಾಲ ಆಕಿಗಿ ಅಲ್ಲಿಯ ನಾಗರಿಕತ್ವ ಬರತೈತಿ."

"ಅಪ್ಪ ಹುಟ್ಟಿದ್ದಕ್ಕ ಮಗಳಿಗಿ ದೇಶ ಕೊಡ್ತಾರ?" ಭರಮುವಿಗೆ ನಂಬಿಕೆ ಬರಲಿಲ್ಲ.

"ಕೊಡ್ತಾರ್ರಿ. ಆದ್ರ ಅಲ್ಲಿ ಹುಟ್ಟಿದಾವ್ರು ನೀವ ಅನ್ನೂದು ಗಟ್ಟಿ ಆಗಬೇಕು. ಊರ ಬಿಟ್ಟ ಬಂದ ಎಷ್ಟ ವರ್ಷ ಆತು. ಅವತ್ತ ಅಲ್ಲಿದ್ದ ಮನಿತನದ ಹಿರಿಯರ ಯಾರರ ಬದಕಿದ್ರ, ಆ ಕೂಸ ಇಂವನ ಅಂತ ನೋಟರಿ ಮುಂದ ಹೇಳಬೇಕು. ಅದಾರೇನ್ರಿ ಯಾರರ?"

"ನಮ್ಮ ಮಲಕವ್ವಜ್ಜಿ ಅದಾಳಲ್ಲ!" ಎಂದು ತೃಪ್ತಿ ಚಪ್ಪಾಳೆ ತಟ್ಟಿದಳು. ಗಂಡ ಸತ್ತ ಮೇಲೆ ಅವಳು ಚಪ್ಪಾಳೆ ತಟ್ಟಿದ್ದನ್ನು ಭರಮು ನೋಡಿರಲಿಲ್ಲ. ಆಗಲೇ ಬಾಯಿ ಬಿಟ್ಟು ಹೇಳಿಬಿಡಬೇಕಿತ್ತು, ಆ ಕಾಗದ ನನ್ನದಲ್ಲ ಎಂದು. ಹೇಳಿದರೆ ಮಗಳು ಎದ್ದು ನಡೆಯುತ್ತಾಳೆ. ಅವಳದು ಅಂಥ ನೇರ ಸ್ವಭಾವ, ಸುಳ್ಳಿನ ಮೇಲೆ ಕಾಲಿಡುವವಳಲ್ಲ. ಎದ್ದು ನಡೆದರೆ ಮತ್ತೆ ಅದೇ ಓಣಿ, ಅದೇ ಬಾಜೂಕ ನಿಲ್ಲುವುದು. ಭರಮು ಗೋವಾದ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಮರುದಿನ ಒಬ್ಬನೇ ಸತ್ತಿಗೆ ಹೋದ. ಮಲಕವ್ವ ಅಪ್ಪನ ತಂಗಿ, ಅಂದರೆ ಭರಮುವಿಗೆ ಸೋದರತ್ತೆ. ಗೋವಾದ ಗಣಿಯಲ್ಲಿ ತುಳಸವ್ವ ಬುಟ್ಟಿ ಹೊರಲು ಹೋದಾಗ ಆ ಕೂಸನ್ನು ಹಗಲೆಲ್ಲ ಸೊಂಟದ ಮೇಲೆ ಹೊತ್ತು ಆಡಿಸಿದವಳು ಅವಳೇ. ಈಗ ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಚೂಪಾಗಿತ್ತು. ಹೊಳೆಯ ಕಡೆಗೆ ಮುಖ ಮಾಡಿದ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಭರಮು ಎಲ್ಲವನ್ನೂ ಹೇಳಿದ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಏನ ಹೇಳಂತಿ ನನಗ? ಆ ಕೂಸು ನೀನ ಅಂತ ಹೇಳಲ್ಯಾ?"

"ಹೌದ ಅತ್ತಿ."

"ಲೇ ಭರಮ್ಯಾ. ಅಂವಗ ಕಡೀ ನೀರ ಹಾಕಿದಾಕಿ ನಾನ. ಬಿಸಿನೀರ ಕಾಸಾಕ ನಿಮ್ಮವ್ವನ ಕೈ ಏಳಲಿಲ್ಲ. ಕೂಸಿನ ಕಿವಿ ಹಿಂದ ಅದಿರಿನ ಕೆಂಪ ಧೂಳ ಕುಂತಿತ್ತು, ಎಷ್ಟ ತಿಕ್ಕಿದ್ರೂ ಹೋಗಲಿಲ್ಲ." ಅವಳು ಸಿಪ್ಪೆಯನ್ನು ಊದಿದಳು. "ಅದನ್ನ ಮರತ ಹೆಂಗ ಹೇಳಲಿ?"

ಭರಮು ತಲೆ ತಗ್ಗಿಸಿದ. ಬೇಡುವುದು ಅವನಿಗೆ ಬರುತ್ತಿರಲಿಲ್ಲ. ಅರಿಸಿನದ ಬಟ್ಟಲಿನ ಕತೆ ಮಾತ್ರ ಹೇಳಿದ, ಮಣಿಕಟ್ಟು ಹಿಡಿದದ್ದು, ಬಾಜೂಕ ನಿಲ್ಲಿಸಿದ್ದು. ಮಲಕವ್ವನ ಕೈ ನಿಂತಿತು. ಅವಳೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಊರಿನ ಎಲ್ಲ ಮದುವೆಗಳ ಬದನೆಕಾಯಿ ಹೆಚ್ಚಿದವಳು, ಒಂದರಲ್ಲೂ ಅಕ್ಷತೆ ಹಾಕದವಳು. ಮಡಿಲಿನ ಸಿಪ್ಪೆ ಕೊಡವಿದಳು.

"ಆತು" ಅಂದಳು ಕಡೆಗೆ. "ಹೆಬ್ಬಟ್ಟ ಒತ್ತತೇನಿ. ನನ್ನ ಹಂಗ ಆಕಿ ಆಗೂದ ಬ್ಯಾಡ. ಆದ್ರ ಒಂದ ಮಾತೈತಿ. ಇನ್ನ ಮುಂದ ಆ ಕೂಸಿಗಿ ನೀ ಎಡಿ ಇಡಬ್ಯಾಡ."

"ಯಾಕ ಅತ್ತಿ?"

"ಯಾಕಂದ್ರ ಇನ್ನ ಅಂವ ಸತ್ತಿಲ್ಲಲ್ಲೋ. ಅಂವ ಬದಕ್ಯಾನ, ಇಲ್ಲೇ ನನ್ನ ಬಾಜೂಕ ಕುಂತಾನ ಅಂತ ನಾ ಹೇಳಾಕಿ. ಬದಕಿದ್ದಾವಗ ಯಾರರ ಎಡಿ ಇಡ್ತಾರೇನು? ಇಟ್ರ ಆಯುಷ್ಯ ಕಡಿಮಿ ಆಕ್ಕೈತಿ. ಅದು ಈಗ ನಿನ್ನ ಆಯುಷ್ಯ."

ಸುಳ್ಳು ಹೇಳುವುದು ಕಷ್ಟವೆಂದುಕೊಂಡು ಭರಮು ಬಂದಿದ್ದ. ಅದು ಒಂದು ಹೆಬ್ಬೆಟ್ಟಿನ ಕೆಲಸವಾಗಿತ್ತು. ಆದರೆ ಅವ್ವ ಸಾಯುವವರೆಗೆ ನಡೆಸಿದ್ದು, ಸತ್ತ ಮೇಲೆ ತಾನು ನಡೆಸಿಕೊಂಡು ಬಂದದ್ದು, ಆ ಒಂದು ಹಿಡಿ ಹಾಲನ್ನ ನಿಲ್ಲುತ್ತದೆಂದು ಅವನು ಎಣಿಸಿರಲಿಲ್ಲ. ಆ ಕೂಸಿಗೆ ಗೋರಿಯಿಲ್ಲ, ಫೋಟೋ ಇಲ್ಲ. ಇದ್ದದ್ದು ಒಂದು ಕಾಗದ, ಒಂದು ಎಲೆ. ಕಾಗದವನ್ನು ಅಪ್ಪ ಕಸಿದಿದ್ದ. ಎಲೆಯನ್ನು ತಾನು ಕಸಿಯಬೇಕು.

"ಆತ ಅತ್ತಿ" ಅಂದ.

ಅಥಣಿಯ ಕೋರ್ಟಿನ ಎದುರು ನೋಟರಿಯ ಮೇಜು ಬೇವಿನ ಮರದ ಕೆಳಗಿತ್ತು. ಮಲಕವ್ವ ಹೊಸ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು. ನೋಟರಿ ಓದಿದ್ದಕ್ಕೆಲ್ಲ "ಹೌದ್ರಿ" ಎಂದು ಹೆಬ್ಬೆಟ್ಟು ಒತ್ತಿದಳು. ನೋಟರಿ ಭರಮುವಿನ ಕಡೆ ತಿರುಗಿದ.

"ನಿಮಗ ಒಡಹುಟ್ಟಿದಾವ್ರು ಯಾರರ ಅದಾರೇನ್ರಿ?"

"ಇಲ್ರಿ."

"ಇದ್ದು ತೀರಿಕೊಂಡಾವ್ರು?"

ಮರದ ಕೆಳಗೆ ಎಷ್ಟೋ ಜನ, ಎಷ್ಟೋ ಗದ್ದಲ. ಭರಮುವಿಗೆ ಏನೂ ಕೇಳಿಸಲಿಲ್ಲ. ಅತ್ತೆ ಶಾಯಿ ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಮುಖ ಎತ್ತಲಿಲ್ಲ. ತೃಪ್ತಿ ಚಹಾ ತರಲು ಹೋಗಿದ್ದಳು.

"ಇಲ್ರಿ. ನಾ ಒಬ್ಬನ" ಅಂದ ಭರಮು. ಅರವತ್ತು ದಾಟಿದ ಮನುಷ್ಯ. ಆ ಮಾತು ಹೇಳಿದ ಕ್ಷಣ, ಹುಟ್ಟಿದಾಗಿನಿಂದ ಬೆನ್ನಿಗೆ ನಿಂತಿದ್ದ ಯಾರೋ ಒಬ್ಬ ಎದ್ದು ಹೋದಂತೆ ಅವನಿಗೆ ಬಿಕೋ ಅನ್ನಿಸಿತು. ಆ ಅಣ್ಣನ ನೆರಳಿನಿಂದ ಜೀವನವಿಡೀ ಬೇಸತ್ತಿದ್ದವನಿಗೆ, ಅವನು ಇಲ್ಲದೆ ನಿಲ್ಲುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಲಿಸ್ಬನ್ನಿನ ದಫ್ತರದವರು ಅವಸರದ ಜನ ಅಲ್ಲ. ಕಾಗದ ಹೋದವು, ಬಂದವು, ಮತ್ತೆ ಹೋದವು. ಆ ನಡುವೆ ಬಂದ ಅಮಾವಾಸ್ಯೆಗೆ, ತೃಪ್ತಿ ಕೆಲಸಕ್ಕೆ ಹೋದ ಮೇಲೆ, ಭರಮು ಮೂರೇ ಎಲೆ ಹಾಕಿದ. ಅಭ್ಯಾಸಬಲದಿಂದ ಹಾಲು ಕಾಸಿದ್ದ. ಅದನ್ನು ತಾನೇ ಚಹಾಕ್ಕೆ ಹಾಕಿಕೊಂಡ. ಒಂದು ಕಾಗೆ ಮಾತ್ರ ಖಾಲಿ ಮೂಲೆಗೆ ಬಂದು ಕೂತು, ಕುತ್ತಿಗೆ ಓರೆ ಮಾಡಿ ಇವನ ಮುಖ ನೋಡಿತು. ಇವನು ಬೇರೆ ಕಡೆ ತಿರುಗಿದ.

ಅಂತೂ ಕೆಲಸ ಆಯಿತು. ಮೊದಲು ಭರಮುವಿನ ಹುಟ್ಟು ಅಲ್ಲಿ ದಾಖಲಾಯಿತು, ಆಮೇಲೆ ತೃಪ್ತಿಗೆ ನಾಗರಿಕತ್ವ ಬಂತು. ಓಣಿಯವರು ಕೆಲವು ದಿನ ಭರಮುವನ್ನು "ಪೋರ್ತುಗೀಸ ಸಾಹೇಬ್ರ" ಎಂದು ಕರೆದು ನಕ್ಕರು. ಹೋಗುವ ದಿನ ತೃಪ್ತಿ ಅಪ್ಪನ ಕಾಲಿಗೆ ಬಿದ್ದಳು. "ನೀ ಅಲ್ಲಿ ಹುಟ್ಟಿದ್ದಕ್ಕ ನನಗ ಇದೆಲ್ಲಾ ಸಿಕ್ಕಿತಪಾ" ಅಂದಳು. ಭರಮು ಅವಳ ತಲೆಯ ಮೇಲೆ ಕೈ ಇಟ್ಟ. ಹೇಳಬೇಕಾದ ಮಾತು ಬಾಯಿಯ ತನಕ ಬಂದಿತ್ತು. "ಹುಷಾರ ಯವ್ವಾ" ಎಂದಷ್ಟೇ ಅಂದ.

ಹೋದ ಚಳಿಗಾಲದಲ್ಲಿ ಮಲಕವ್ವ ತೀರಿಕೊಂಡಳು. ಸತ್ತಿಯ ಹೊಳೆದಂಡೆಯಲ್ಲಿ ಮಣ್ಣು ಹಾಕಿ ಬಸ್ಸಿನಲ್ಲಿ ಮರಳುವಾಗ ಭರಮುವಿಗೆ ಒಂದು ವಿಷಯ ತಟ್ಟನೆ ಹೊಳೆಯಿತು. ತಾನು ಜುಗೂಳದಲ್ಲಿ ಹುಟ್ಟಿದವನೆಂದು ಬಲ್ಲವರು ಈ ಭೂಮಿಯ ಮೇಲೆ ಇನ್ನು ಯಾರೂ ಉಳಿದಿಲ್ಲ. ಅಣ್ಣನಿಗಾದರೂ ಹೆಸರು ಹಿಡಿದು ಕರೆಯುವ ಒಬ್ಬ ತಮ್ಮ ಇದ್ದ. ಜುಗೂಳದಲ್ಲಿ ಹುಟ್ಟಿದ ಆ ತಮ್ಮನಿಗೆ ಯಾರಿದ್ದಾರೆ? ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕಾಗವಾಡದ ತನಕ ಅಳುತ್ತ ಬಂದ. ಪಕ್ಕದಲ್ಲಿ ಕೂತವರು ಸತ್ತ ಮುದುಕಿಗಾಗಿ ಅಳುತ್ತಿದ್ದಾನೆಂದು ತಿಳಿದು, "ವಯಸ್ಸಾಗಿತ್ತಲ್ರಿ, ಬಿಡ್ರಿ" ಎಂದು ಸಮಾಧಾನ ಹೇಳಿದರು.

ಈ ಸಲದ ಮಹಾನವಮಿ ಅಮಾವಾಸ್ಯೆಗೆ ಭರಮು ಬೆಳಗ್ಗೆಯೇ ಒಲೆ ಹೊತ್ತಿಸಿದ. ಅಪ್ಪನ ತಂಬಾಕು, ಅವ್ವನ ಕರಿಗಡಬು, ಅನುಸೂಯಾಳ ಎಣ್ಣೆಗಾಯಿ, ಅತ್ತೆಗೆ ಬಳ್ಳೊ‌ಳ್ಳಿಯ ಖಾರ. ಅಷ್ಟರಲ್ಲಿ ತೃಪ್ತಿಯ ವಿಡಿಯೊ ಕರೆ ಬಂತು. ಅಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಅವಳಿಗೆ. ಮುಖ ತುಂಬಿಕೊಂಡಿತ್ತು. ಕೂದಲು ಸರಿಪಡಿಸಿಕೊಳ್ಳಲು ಕೈ ಎತ್ತಿದಾಗ ಮಣಿಕಟ್ಟಿನಲ್ಲಿ ಹಸಿರು ಬಳೆ ಕಂಡವು. ಭರಮು ಅವನ್ನು ಕಣ್ತುಂಬ ನೋಡಿದ.

"ಎಡಿ ಇಟ್ಟಿ ಏನಪಾ? ಮುತ್ಯಾಗ ಹಾಲನ್ನಾ ಕಲಸಿದಿ?"

"ಕಲಸತೇನಿ ಬೇ. ನೀ ಡ್ಯೂಟಿಗಿ ಹೋಗ" ಅಂದ. ಅವಳ ನಗುಮುಖ ಮಾಯವಾದ ಮೇಲೆ ಫೋನನ್ನು ಗೂಡಿನಲ್ಲಿಟ್ಟ.

ನಾಲ್ಕು ಎಲೆ ಬಡಿಸಿ ಆದ ಮೇಲೆ ಭರಮು ಐದನೆಯದನ್ನು ಬಿಚ್ಚಿ ತೊಳೆದ. ತೊಳೆದು, ಏನು ಬಡಿಸಬೇಕೆಂದು ತಿಳಿಯದೆ ನಿಂತ. ಈ ಎಲೆಯವನಿಗೆ ಏನು ಸೇರುತ್ತದೆ? ಅವ್ವ ಕೇಳಿರಲಿಲ್ಲ. ಅನುಸೂಯಾ ಮಾಡಿ ಹಾಕಿದ್ದನ್ನು ಅವನು ಉಂಡಿದ್ದ, ಇದು ಬೇಕು ಎಂದು ಒಂದು ದಿನವೂ ಹೇಳಿರಲಿಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ ಜುಗೂಳದ ಅಡುಗೆಮನೆ ನೆನಪಾಯಿತು. ಶಾಲೆಯ ಸೂಟಿಗೆ ಹೋದಾಗ ಅಜ್ಜಿ ಲಗಮವ್ವ ಬಿಸಿ ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಅಂಚಿಗೆ ಕೆಂಪು ಖಾರ ಹಚ್ಚಿ ಕೊಡುತ್ತಿದ್ದಳು. ಹುಡುಗ ಬಾಯಿ ಸುಟ್ಟುಕೊಂಡು ಇನ್ನೊಂದು ಕೇಳುತ್ತಿದ್ದ. ಭರಮು ಹಿಟ್ಟು ನಾದಿದ, ರೊಟ್ಟಿ ತಟ್ಟಿದ, ಬೆಣ್ಣೆ ಇಟ್ಟ.

ಮಾಳಿಗೆಯ ಮೂಲೆಯಲ್ಲಿ ಐದನೆಯ ಎಲೆ ಇಟ್ಟು ಅದರ ಮುಂದೆ ಕೂತ. ಅತ್ತೆಯ ಎಚ್ಚರಿಕೆ ನೆನಪಿನಲ್ಲಿತ್ತು. ಇಡಬೇಡ ಎಂದು ಅವಳು ಹೇಳಿದ್ದು ಗೋವಾದಲ್ಲಿ ಹುಟ್ಟಿದವನಿಗೆ. ಈಗ ಗೋವಾದಲ್ಲಿ ಹುಟ್ಟಿದವನು ತಾನು, ದೊಡ್ಡವನು ತಾನು. ಉಳಿದವನು ಜುಗೂಳದ ಚಿಕ್ಕವನು, ಯಾವ ಕಾಗದದಲ್ಲೂ ಇಲ್ಲದವನು. ಅವನಿಗೆ ಇಡಬೇಡ ಎಂದು ಯಾರೂ ಹೇಳಿರಲಿಲ್ಲ.

"ಭರಮೂ" ಎಂದು ಕೂಗಿದ. ಈ ಸಲ ದನಿ ತಗ್ಗಿಸಲಿಲ್ಲ. "ಭರಮೂ, ತಮ್ಮಾ, ಬಾರಪ್ಪಾ."

ಪಕ್ಕದ ಮಾಳಿಗೆಯಿಂದ ಬಸವಂತ ಇಣುಕಿದ. "ಏನ ಕಾಕಾ, ಮತ್ತ ನಿಮ್ಮನ್ನ ನೀವ ಕರ್ಯಾಕತ್ತೀರಿ?"

"ಹೌದಪಾ" ಅಂದ ಭರಮು. "ನನ್ನ ಕರ್ಯಾಕ ಮತ್ಯಾರ ಅದಾರ?"

ಬಸವಂತ ಜೋರಾಗಿ ನಕ್ಕ, ಅವನ ಹಿಂದೆ ನಿಂತಿದ್ದವರೂ ನಕ್ಕರು. ಕಾಗೆಯೊಂದು ಬಂದು ರೊಟ್ಟಿಯ ಚೂರು ಕಚ್ಚಿಕೊಂಡು ಜುಗೂಳದ ಕಡೆಗೆ ಹಾರಿತು.